ಸಾಸಿವೆಯ ಮೇಲೆ ಬಂದ ಅಪವಾದ

ಹೋದ ಭಾನುವಾರ ಸಿಡ್ನಿಯ ಹೊರವಲಯದಲ್ಲಿ, ತೋಟದ ಗೇಟಿನಲ್ಲೇ ತರಕಾರಿ ಮಾರುವ ಒಂದು ಜಾಗಕ್ಕೆ ಹೋಗಿದ್ದೆವು. ಕಾರಿನ ಬಾಗಿಲು ತೆಗೆದದ್ದೇ ತಡ, ಆ ವಾಸನೆ ಬಂತು. ಕೆಟ್ಟ ಮೊಟ್ಟೆಯನ್ನೂ ಹಸಿ ಸಾಸಿವೆಯನ್ನೂ ಒಟ್ಟಿಗೆ ಅರೆದ ಹಾಗೆ, ಮೂಗಿನ ಹಿಂದೆ ಹೋಗಿ ಕೂತುಬಿಡುವ ವಾಸನೆ. ಮಗ ಮೂಗು ಮುಚ್ಚಿಕೊಂಡು, "ಯಕ್, ಮಮ್, ವಾಟ್ ಈಸ್ ದಟ್?" ಎಂದ. ಚರಂಡಿ ಇರಬೇಕು ಎಂದರು ನನ್ನ ಗಂಡ. ಅವರಿಗೆ ಎಲ್ಲ ವಾಸನೆಯೂ ಚರಂಡಿಯೇ. ಅದು ಬಿತ್ತನೆಗೆ ಮೊದಲು ಮಣ್ಣಿಗೆ ಹೊಡೆಯುವ ಗ್ಯಾಸು ಎಂದು ನನಗೆ ಗೊತ್ತಿತ್ತು. ಮಣ್ಣಿನೊಳಗಿನ ರೋಗ, ಕಳೆಬೀಜ, ಹುಳುಹುಪ್ಪಟೆ, ಜೊತೆಗೆ ಪಾಪದ ಎರೆಹುಳ, ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸುವ ಔಷಧಿ. ಅದನ್ನು ಔಷಧಿ ಎಂದು ಯಾಕೆ ಕರೆಯುತ್ತಾರೋ... ಆ ವಾಸನೆಯ ಹಿಂದೆಯೇ ಮೆಲ್ಬರ್ನ್‌ನ ನಮ್ಮ ಎದುರುಮನೆಯ ಅಕ್ಕಾವ್ರು ನೆನಪಾದರು.

ಆಗ ನಾವು ಟ್ರುಗನಿನಾದಲ್ಲಿ ರೆಂಟಿಗಿದ್ದೆವು. ನಮ್ಮದೇ ಅಚ್ಚಿನ ಎದುರುಮನೆಯಲ್ಲಿ ಅವರು, ಅವರ ಗಂಡ, ಒಬ್ಬಳು ಮಗಳು. ವಿಜಯಪುರದ ಕಡೆಯವರು, ಕೃಷಿ ಕಾಲೇಜಿನಲ್ಲಿ ಮಣ್ಣಿನ ವಿಷಯವನ್ನೇ ಓದಿ ಬಂದವರು. ನಾನು ಮೈಸೂರಿನವಳು. ಅವರ ಮಾತು ಕೇಳಿ ನನಗೆ ಮೊದಮೊದಲು ನಗು ತಡೆಯಲಾಗುತ್ತಿರಲಿಲ್ಲ. ಅಣಕಿಸಲೆಂದೇ "ಅಕ್ಕಾವ್ರ" ಎಂದು ಕರೆದೆ, ಆಮೇಲೆ ಬೇರೆ ಹೇಗೂ ಕರೆಯಲು ಬಾಯಿ ಬರಲಿಲ್ಲ. ಅವರೇನು ಸುಮ್ಮನಿರುವವರಲ್ಲ. "ನಿಮ್ಮ ಮೈಸೂರ ಮಾತು ಸಕ್ರಿ ಪಾಕದಾಗ ನೊಣ ಬಿದ್ದಂಗ ಐತಿ, ಏಳಾಕೂ ಆಗೂದಿಲ್ಲ, ಹಾರಾಕೂ ಆಗೂದಿಲ್ಲ" ಎಂದು ತಿರುಗಿಸಿ ಕೊಟ್ಟಿದ್ದರು.

ಅವರು ಸಮುದ್ರದ ಕಡೆಗಿದ್ದ ಒಂದು ದೊಡ್ಡ ಸೊಪ್ಪಿನ ತೋಟದಲ್ಲಿ ಕೆಲಸಕ್ಕಿದ್ದರು. ತೋಟವೆಂದರೆ ಬೇಲಿ, ಬಾವಿ, ನಾಲ್ಕು ಮರ ಎಂದುಕೊಳ್ಳಬೇಡಿ. ಕಣ್ಣು ಹಾಯುವವರೆಗೂ ಎಳೆ ಪಾಲಕ್, ಲೆಟಿಸ್, ರಾಕೆಟ್ ಎಂಬ ಕಹಿ ಸೊಪ್ಪು. ಯಂತ್ರದಲ್ಲಿ ಕೊಯ್ದು, ತೊಳೆದು, ಚೀಲಕ್ಕೆ ತುಂಬಿ ಕಳಿಸಿದರೆ ಜನ ಹಸಿಹಸಿಯಾಗಿಯೇ ತಿನ್ನುತ್ತಾರೆ. ಮಣ್ಣಿಗೆ ಏನು ಹಾಕಬೇಕು, ಯಾವಾಗ ಕೊಯ್ಯಬೇಕು, ಸೊಪ್ಪು ಶುದ್ಧವಾಗಿದೆಯೋ ಇಲ್ಲವೋ ಎಂದು ನೋಡುವ ಜವಾಬ್ದಾರಿ ಅಕ್ಕಾವ್ರದ್ದು. ಮನೆಯಲ್ಲಿ ಗೋಡೆ ನೋಡುತ್ತಾ ಕೂತಿದ್ದ ನನ್ನನ್ನು ಅಲ್ಲಿನ ಪ್ಯಾಕಿಂಗ್ ಶೆಡ್ಡಿನ ಆಫೀಸಿಗೆ ಸೇರಿಸಿದವರೂ ಅವರೇ. ಅವರ ಕಾರಿನಲ್ಲೇ ಹೋಗಿ ಬರುತ್ತಿದ್ದೆ.

ನನಗೆ ಆಗಲೇ ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ಅನುಮತಿ, ಸಿಕ್ಕಿತ್ತು. ಅವರದ್ದು ಸ್ಪಾನ್ಸರ್ ವೀಸಾ. ತೋಟದ ಬಾಸ್ ಕರೆಸಿಕೊಂಡಿದ್ದರಿಂದ ಇಲ್ಲಿದ್ದರು. ಅವನು ಬೇಡವೆಂದರೆ ಗಂಟುಮೂಟೆ ಕಟ್ಟಬೇಕಿತ್ತು. ಅವರ ಗಂಡ ಊರಿನಲ್ಲಿ ಕಾಲೇಜಿನ ಪಾಠ ಬಿಟ್ಟು ಬಂದು ಇಲ್ಲಿ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು. ಮಗಳು ಹನ್ನೊಂದನೇ ಕ್ಲಾಸು, ಡಾಕ್ಟರಾಗಬೇಕೆಂಬ ಹಟದವಳು. ಪಿಆರ್ ಇಲ್ಲದೆ ಯೂನಿವರ್ಸಿಟಿಗೆ ಸೇರಿದರೆ ಹೊರದೇಶದವರ ಫೀಸು. ಅದು ಅವರಿಗೆ ಎಟುಕುವ ಮಾತಲ್ಲ. ಒಟ್ಟಿನಲ್ಲಿ ಮೂರು ಜನರ ಬದುಕನ್ನೂ ಆ ಒಂದು ಕೆಲಸದ ಗೂಟಕ್ಕೆ ಕಟ್ಟಿದಂತಿತ್ತು. ಹಗ್ಗ ಎಷ್ಟು ಉದ್ದವೋ ಅಷ್ಟೇ ಸುತ್ತಾಟ. ಅಕ್ಕಾವ್ರು ಜ್ವರ ಬಂದರೂ ರಜೆ ಹಾಕುತ್ತಿರಲಿಲ್ಲ.

ಆ ತೋಟದಲ್ಲಿ ಅವರನ್ನು ಹಿಂಡುತ್ತಿದ್ದದ್ದು ಈ ಗ್ಯಾಸು. ಮಣ್ಣನ್ನು ಬದುಕಿಸುವ ವಿದ್ಯೆ ಕಲಿತು ಬಂದವರು ಇಲ್ಲಿ ಪ್ರತಿ ಹಂಗಾಮಿನಲ್ಲೂ ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಈ ಬ್ಲಾಕಿಗೆ ಇಷ್ಟು, ಆ ಬ್ಲಾಕಿಗೆ ಅಷ್ಟು ಎಂದು ನಿಂತು ಹೊಡೆಸಬೇಕಿತ್ತು. ಒಮ್ಮೆ ಮಳೆ ಬಂದು ನಿಂತ ಮೇಲೆ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ನೀರು ಇಂಗದೆ ಸಿಮೆಂಟಿನ ಮೇಲೆ ನಿಂತ ಹಾಗೆ ನಿಂತಿತ್ತು. "ನೋಡವಾ, ನೀರು ಕುಡಿಯೂದು ಮರತೈತಿ ಇದು" ಎಂದರು. ಹೇಳಿ ಮುಖ ತಿರುಗಿಸಿಕೊಂಡರು. ಅತ್ತರೋ ಏನೋ, ನಾನು ನೋಡಲು ಹೋಗಲಿಲ್ಲ.

ಬಾಸ್ ಕೆಟ್ಟವನಾಗಿದ್ದರೆ ಬೈದುಕೊಂಡು ಹಗುರವಾಗಬಹುದಿತ್ತು. ಅವನು ಕೆಟ್ಟವನಲ್ಲ. ಅಪ್ಪನ ಕಾಲದಿಂದ ಅದೇ ನೆಲದಲ್ಲಿ ಸೊಪ್ಪು ಬೆಳೆದವನು, ಬಿಸಿಲಿಗೆ ಕುತ್ತಿಗೆಯೆಲ್ಲ ಇಟ್ಟಿಗೆ ಬಣ್ಣ, ಗಂಡು ಹೆಣ್ಣು ಎನ್ನದೆ ಎಲ್ಲರನ್ನೂ "ಲವ್" ಎಂದು ಕರೆಯುವವನು. ಸೊಪ್ಪು ಕೊಳ್ಳುವ ಕಂಪನಿಗೆ ಎಲೆಗಳೆಲ್ಲ ಒಂದೇ ಅಳತೆ, ಒಂದೇ ಬಣ್ಣ ಇರಬೇಕು. ಚೀಲದಲ್ಲಿ ಒಂದು ಕಳೆಗಿಡದ ಎಲೆ ಸಿಕ್ಕರೆ ಇಡೀ ಲೋಡು ವಾಪಸ್. ವರ್ಷವಿಡೀ ಸೊಪ್ಪು ಬರುತ್ತಲೇ ಇರಬೇಕು, ನೆಲಕ್ಕೆ ಒಂದು ವಾರ ಬಿಡುವು ಕೊಡುವಂತಿಲ್ಲ. ಮಣ್ಣಿಗೆ ಮಾಡುವ ಉಪಚಾರ ಬದಲಾಯಿಸಲೂ ಅವರನ್ನು ಕೇಳಬೇಕು. ಹೀಗೆ ಬಾಸ್ ಕಂಪನಿಯ ಕೈಯಲ್ಲಿ, ಅಕ್ಕಾವ್ರು ಬಾಸ್‌ನ ಕೈಯಲ್ಲಿ. ಎಲ್ಲರ ಕೆಳಗೆ ಆ ಮಣ್ಣು.

ಅಕ್ಕಾವ್ರು ಅವನ ಹಿಂದೆ ಬಿದ್ದು, ಸಮುದ್ರದ ಅಂಚಿನ ಒಂದೇ ಒಂದು ಬ್ಲಾಕನ್ನು ಗ್ಯಾಸಿಲ್ಲದೆ ಬೆಳೆಯಲು ಕೇಳಿ ಪಡೆದರು. ಅಲ್ಲಿ ಚಳಿಗಾಲದಲ್ಲಿ ಸಾಸಿವೆ ಮತ್ತು ಓಟ್ಸ್ ಬಿತ್ತಿ, ಬೀಜ ಕಟ್ಟುವ ಮೊದಲೇ ಕತ್ತರಿಸಿ ಮಣ್ಣಿಗೆ ಸೇರಿಸಿದರು. ಸಾಸಿವೆ ಗಿಡದ ಘಾಟಿಗೇ ಮಣ್ಣಿನ ರೋಗ ಅಡಗುತ್ತದಂತೆ, ಎರೆಹುಳಕ್ಕೆ ಅಷ್ಟು ತೊಂದರೆಯೂ ಇಲ್ಲವಂತೆ. "ಮಣ್ಣಿಗೆ ಒಗ್ಗರಣೆ ಹಾಕ್ತಿದ್ದೀರಾ ಅಕ್ಕಾವ್ರೇ? ಕರಿಬೇವು ತಂದುಕೊಡ್ಲಾ?" ಎಂದು ನಾನು ರೇಗಿಸುತ್ತಿದ್ದೆ. ಅವರು ನಗುತ್ತಿದ್ದರು. ಆ ಚಳಿಗಾಲದಲ್ಲಿ ಅವರು ನಕ್ಕಷ್ಟು ಮತ್ತೆಂದೂ ನಗಲಿಲ್ಲ.

ಬೇಸಿಗೆಗೆ ಆ ಬ್ಲಾಕಿನಲ್ಲಿ ಪಾಲಕ್ ಎದ್ದು ಬಂದದ್ದು ನೋಡಬೇಕಿತ್ತು. ನನ್ನಂಥ ಎಂಕಾಂ ಓದಿದವಳಿಗೂ ವ್ಯತ್ಯಾಸ ಗೊತ್ತಾಗುತ್ತಿತ್ತು. ಬಾಸ್ ಕುಕ್ಕರುಗಾಲಿನಲ್ಲಿ ಕೂತು ಒಂದು ಹಿಡಿ ಮಣ್ಣನ್ನು ಮೂಸಿ ನೋಡಿ, ನಮ್ಮಪ್ಪನ ಕೈ ಹೀಗೇ ವಾಸನೆ ಬರುತ್ತಿತ್ತು ಎಂದ. ಕಂಪನಿಯ ಇನ್‌ಸ್ಪೆಕ್ಟರ್ ಬಂದು ನೋಡಿ ಒಪ್ಪಿಕೊಂಡರೆ, ಮುಂದಿನ ಚಳಿಗಾಲಕ್ಕೆ ಅರ್ಧ ತೋಟಕ್ಕೆ ಸಾಸಿವೆ ಎಂದು ಮಾತು ಕೊಟ್ಟ. ಅಕ್ಕಪಕ್ಕದ ತೋಟದವರೂ ಬಂದು ಬೇಲಿಯ ಹೊರಗಿನಿಂದ ಇಣುಕಿ ಹೋಗುತ್ತಿದ್ದರು. ಅಲ್ಲಿ ಗೆದ್ದರೆ ಆ ಕರಾವಳಿಯ ತೋಟಗಳೆಲ್ಲ ಗ್ಯಾಸು ಬಿಡುತ್ತವೆ ಎಂದು ಅಕ್ಕಾವ್ರು ನಂಬಿದ್ದರು.

ಇನ್‌ಸ್ಪೆಕ್ಟರ್ ಬರುವ ದಿನವೇ ಎಳ್ಳಮಾವಾಸ್ಯೆ ಬಿತ್ತು.

ಎಳ್ಳಮಾವಾಸ್ಯೆ ಎಂದರೆ ಮೈಸೂರಿನವಳಾದ ನನಗೆ ಏನೂ ಅಲ್ಲ. ಅವರ ಕಡೆ ದೊಡ್ಡ ಹಬ್ಬ. ಪೈರು ಹೊತ್ತ ಭೂಮಿ ಬಸುರಿ, ಬಸುರಿಗೆ ಬಯಕೆಯ ಊಟ ಹಾಕಬೇಕು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಸೇಂಗಾ ಹೋಳಿಗೆ, ಎಣಗಾಯಿ, ಮೊಸರನ್ನ, ಎಲ್ಲವನ್ನೂ ಹೊಲಕ್ಕೆ ಒಯ್ದು ಪೂಜೆ ಮಾಡಿ, ಆ ಅಡುಗೆಯನ್ನು ಬೆಳೆಯ ನಡುವೆ ಎರಚುತ್ತಾರೆ. ಚರಗ ಚೆಲ್ಲುವುದು ಅನ್ನುತ್ತಾರೆ. ಒಬ್ಬರು ಮುಂದೆ ಎರಚುತ್ತಾ ಹೋದರೆ, ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತಾ ಹೋಗಬೇಕು. ಈ ದೇಶಕ್ಕೆ ಬಂದ ಮೇಲೆ ಅಕ್ಕಾವ್ರು ಅದನ್ನು ಮಾಡಿರಲಿಲ್ಲ. ಗ್ಯಾಸು ಹೊಡೆದ ನೆಲಕ್ಕೆ ಯಾವ ಮುಖ ಇಟ್ಟುಕೊಂಡು ಉಣ್ಣಿಸಲಿ ಎನ್ನುತ್ತಿದ್ದರು.

ಆ ಬೆಳಿಗ್ಗೆ ಕಾರಿನಲ್ಲಿ ಡಬ್ಬಿಯ ಗಂಟು ಕಂಡು, ಇದೇನು ಎಂದು ಕೇಳಿದೆ. ಹಸಿಯಾಗಿ ತಿನ್ನುವ ಸೊಪ್ಪಿನ ಹೊಲ ಅದು. ಒಳಗೆ ಒಂದು ಬಿಸ್ಕತ್ತು ತಿಂದ ಹುಡುಗನನ್ನು ಇದೇ ಅಕ್ಕಾವ್ರು ಗದರಿಸಿ ಮನೆಗೆ ಕಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. "ಒಂದ್ ಚೂರು ಬದುವಿನ ಮ್ಯಾಲೆ ಇಟ್ಟು ಕೈ ಮುಗದು ಬರೂಣು. ಹೊಲದಾಗ ಕಾಲಿಡೂದಿಲ್ಲ" ಎಂದರು. ನನ್ನ ಕೈಗೆ ನೀರಿನ ಚೆಂಬು ಕೊಟ್ಟರು. ಕೆಲಸದವರು ಇನ್ನೂ ಬಂದಿರಲಿಲ್ಲ. ಬದುವಿನ ಮೇಲೆ ಐದು ಕಲ್ಲು ಜೋಡಿಸಿ, ಅರಿಶಿನ ಕುಂಕುಮ ಹಚ್ಚಿ, ಎಡೆ ಇಟ್ಟರು. ಅಷ್ಟಕ್ಕೇ ಮುಗಿಯಬೇಕಿತ್ತು...

ಕೈ ಮುಗಿದು ಎದ್ದವರು ಆ ಎಳೆ ಪಾಲಕ್ಕನ್ನು ನೋಡುತ್ತಾ ನಿಂತರು. ಆಮೇಲೆ ತಾವೇನು ಮಾಡುತ್ತಿದ್ದೇವೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಡಬ್ಬಿ ಎತ್ತಿಕೊಂಡು ಒಳಗೆ ನಡೆದರು. ಊರ ಕಡೆಯ ಕೂಗೊಂದನ್ನು ಬಾಯೊಳಗೇ ಹೇಳಿಕೊಳ್ಳುತ್ತಾ, ಹೋಳಿಗೆ ಮುರಿದು, ಅನ್ನ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಎರಚುತ್ತಾ ಹೋದರು. ನಾನೂ ನೀರು ಚಿಮುಕಿಸುತ್ತಾ ಹಿಂದೆ ಹೋದೆ. ತಡೆಯಬಹುದಿತ್ತಲ್ಲ ಎನ್ನುವವರು ಆ ಮುಖ ನೋಡಿಲ್ಲ. ಮದುವೆಯಾಗಿ ಹೋದ ಮಗಳು ವರ್ಷಗಳ ನಂತರ ಮನೆಗೆ ಬಂದಾಗ ತಾಯಿಯ ಮುಖ ಹೇಗಿರುತ್ತದೋ ಹಾಗಿತ್ತು.

ಮೊದಲು ಒಂದು ಕಡಲಹಕ್ಕಿ ಬಂತು. ನೋಡನೋಡುತ್ತಿದ್ದಂತೆ ಸಮುದ್ರದ ಮೇಲಿದ್ದವೆಲ್ಲ ಇಲ್ಲೇ ಇಳಿದವು. ಅಕ್ಕಾವ್ರು ಎಚ್ಚೆತ್ತರು. ಇಬ್ಬರೂ ಹ್ಯಾಟು ಬೀಸುತ್ತಾ, ಹುಚ್ಚರ ಹಾಗೆ ಕೂಗುತ್ತಾ ಸಾಲುಗಳ ನಡುವೆ ಓಡಿದೆವು. ಇತ್ತ ಓಡಿಸಿದರೆ ಅತ್ತ ಕೂರುತ್ತಿದ್ದವು. ಅವು ಅನ್ನ ತಿಂದು ಹೋಗುವಷ್ಟರಲ್ಲಿ ಎಲೆಗಳ ಮೇಲೆಲ್ಲ ಹಿಕ್ಕೆ, ಪುಕ್ಕ. ಕೈಯಲ್ಲಿ ಬಾಚಬಹುದಾದ ಅನ್ನವನ್ನು ಬಾಚಿ, ಕಲ್ಲುಗಳನ್ನು ಬೇಲಿಯಾಚೆ ಎಸೆದು ನಾವು ಶೆಡ್ಡಿಗೆ ಬಂದು ಕೈ ತೊಳೆದುಕೊಳ್ಳುವ ಹೊತ್ತಿಗೆ ಇನ್‌ಸ್ಪೆಕ್ಟರ್‌ನ ಕಾರು ಬಂತು.

ಅವನು ಬ್ಲಾಕಿನ ಅಂಚಿನಲ್ಲಿ ನಿಂತು ತಲೆಯಾಡಿಸಿದ. ಇದು ಮನುಷ್ಯರು ತಿನ್ನುವ ಸೊಪ್ಪು, ಇದರಲ್ಲಿ ಒಂದೆಲೆಯನ್ನೂ ತೆಗೆದುಕೊಳ್ಳುವುದಿಲ್ಲ ಎಂದ. ಅದು ಸರಿಯೇ. ಯಾರ ಮಗು ತಿನ್ನಬೇಕಿತ್ತೋ. ಆಮೇಲೆ ಇಷ್ಟು ಹಕ್ಕಿ ಇಲ್ಲಿಗೇ ಯಾಕೆ ಬಂದವು ಎಂದು ಕೇಳಿದ. ಅಕ್ಕಾವ್ರು ಬಾಯಿ ತೆರೆದರು. ಅಷ್ಟರಲ್ಲಿ ಬಾಸ್, ಮಣ್ಣಿನಲ್ಲಿ ಏನನ್ನೋ ಬೂಟಿನಿಂದ ಜೋರಾಗಿ ತುಳಿಯುತ್ತಾ, ಎಲ್ಲ ಆ ಹಾಳು ಸಾಸಿವೆಯಿಂದ ಎಂದ. ಹಸಿರು ಕೊಳೆತು ಹುಳ ಆಗಿವೆ, ಹುಳಕ್ಕೆ ಹಕ್ಕಿ ಬಂದಿವೆ, ನನ್ನದೇ ತಪ್ಪು, ಟ್ರೈ ಮಾಡಬಾರದಿತ್ತು ಎಂದ. ಇನ್‌ಸ್ಪೆಕ್ಟರ್ ಹಾಗಾದರೆ ಇನ್ನು ಮುಂದೆ ಇಂಥ ನೆಲದ ಸೊಪ್ಪು ನಮಗೆ ಬೇಡ ಎಂದು ಹೇಳಿ ಹೊರಟುಹೋದ. ಬಾಸ್ ಯಾರ ಮುಖವನ್ನೂ ನೋಡದೆ ಟ್ರ್ಯಾಕ್ಟರ್ ತರಿಸಿ ಆ ಪಾಲಕ್ಕನ್ನೆಲ್ಲ ಉತ್ತು ಮಣ್ಣುಪಾಲು ಮಾಡಿಸಿಬಿಟ್ಟ.

ಸಂಜೆ ಕಾರಿನಲ್ಲಿ ಅಕ್ಕಾವ್ರು ಸ್ಟಿಯರಿಂಗ್ ಹಿಡಿದು ಕೂತರು, ಹೊರಡಲೇ ಇಲ್ಲ. ಅವರು ಸಿಕ್ಕಿಕೊಂಡಿದ್ದ ಬೋನು ಎಷ್ಟು ಬಿಗಿಯೆಂದು ನನಗೂ ಆಗ ಅರ್ಥವಾಯಿತು. ಹಕ್ಕಿ ಬಂದದ್ದು ಅನ್ನಕ್ಕೆ, ಸಾಸಿವೆಗಲ್ಲ ಎಂದು ಹೇಳಿದರೆ ಅವರ ಕೆಲಸ ಅವತ್ತೇ ಹೋಗುತ್ತಿತ್ತು. ಶುದ್ಧತೆ ಕಾಯಬೇಕಾದವರೇ ಹೊಲದಲ್ಲಿ ಊಟ ಎರಚಿದರೆ ಯಾರು ಇಟ್ಟುಕೊಳ್ಳುತ್ತಾರೆ? ಕೆಲಸದ ಹಿಂದೆ ವೀಸಾ, ವೀಸಾದ ಹಿಂದೆ ಮಗಳ ಓದು. ಸುಮ್ಮನಿದ್ದರೆ ಸಾಸಿವೆಯ ಮೇಲೆ ಬಂದ ಅಪವಾದ ಹಾಗೇ ನಿಲ್ಲುತ್ತದೆ, ಅಲ್ಲಿ ಇನ್ಯಾರೂ ಗ್ಯಾಸು ಬಿಡುವುದಿಲ್ಲ.

"ಹೇಳಿದ್ರ ಮಣ್ಣು ಉಳೀತೈತಿ. ಹೇಳ್ಲಿಲ್ಲಂದ್ರ ಮಗಳು ಉಳೀತಾಳ. ನೀ ಹೇಳವಾ, ಯಾವುದನ್ನ ಕೊಲ್ಲಲಿ?"

"ಬಾಯಿ ಮುಚ್ಕೊಂಡು ಕಾರ್ ಸ್ಟಾರ್ಟ್ ಮಾಡಿ ಅಕ್ಕಾವ್ರೇ. ಮಣ್ಣಿಗೆ ಯಾರೂ ವೀಸಾ ಕೇಳಲ್ಲ" ಎಂದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಅವರು ಕಾರು ಸ್ಟಾರ್ಟ್ ಮಾಡಿದರು.

ಆ ಬ್ಲಾಕಿಗೆ ಮತ್ತೆ ಗ್ಯಾಸು ಹೊಡೆಸಿದ್ದು ಅವರೇ. ಬೇರೆ ಯಾರಿಗೂ ಆ ಅಧಿಕಾರ ಇರಲಿಲ್ಲ. ಅವತ್ತು ಮಾಸ್ಕ್ ಹಾಕಿಕೊಂಡು ಶೆಡ್ಡಿನಿಂದ ಹೊರಟವರು ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಬಂದ ಮೇಲೂ ಮಾಸ್ಕ್ ತೆಗೆಯುವುದನ್ನು ಮರೆತು ನನ್ನ ಎದುರು ಕೂತಿದ್ದರು. ಆಮೇಲೆ ನಮ್ಮ ಕಾರಿನ ಪ್ರಯಾಣದಲ್ಲಿ ಮಾತು ಕಡಿಮೆಯಾಯಿತು. ಅಕ್ಕಪಕ್ಕದ ತೋಟದವರು ಬಂದು ಕೇಳಿದಾಗಲೆಲ್ಲ ಬಾಸ್ ಅದೇ ಕತೆ ಹೇಳುತ್ತಿದ್ದ, ಅಕ್ಕಾವ್ರು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಬೇಕಿತ್ತು. ಸಾಸಿವೆ ಹಕ್ಕಿ ತರುತ್ತದೆ, ಸಾಸಿವೆ ಹಕ್ಕಿ ತರುತ್ತದೆ... ಬೀಜ ತರಿಸಿಟ್ಟಿದ್ದ ಒಂದಿಬ್ಬರು ಅದನ್ನು ವಾಪಸ್ ಕಳಿಸಿದರಂತೆ. ನನ್ನ ಗಂಡನಿಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿ ನಾವು ಹೊರಟಾಗ ಅವರಿನ್ನೂ ಪಿಆರ್‌ಗೆ ಕಾಯುತ್ತಲೇ ಇದ್ದರು.

ಪಿಆರ್ ಬಂದ ದಿನ ಫೋನ್ ಮಾಡಿದರು. ನಾನು ಖುಷಿಯಿಂದ ಕಿರುಚಿದೆ. ಅವರ ದನಿಯಲ್ಲಿ ಖುಷಿ ಇರಲಿಲ್ಲ. ಪಿಆರ್ ಬಂದದ್ದೇ ಬಾಸ್‌ನ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟರಂತೆ.

"'ಐ ನೋ, ಲವ್' ಅಂದ ನೋಡವಾ. ಅವತ್ತ ಅವನ ಕಾಲಾಗ ಹೋಳಿಗಿ ತುಣುಕು ಸಿಕ್ಕಿತ್ತಂತ. ಇನ್‌ಸ್ಪೆಕ್ಟರ್ ನೋಡಬಾರದಂತ ಬೂಟಿನಿಂದ ಮಣ್ಣಾಗ ತುಳದನಂತ. ಯಾರು ಒಗದಿದ್ದು ಅಂತ ಕೇಳಿದ್ರ ನೀ ವಿಮಾನ ಹತ್ತತಿದ್ದಿ, ಅದಕ್ಕ ಸಾಸಿವಿ ಮ್ಯಾಲೆ ಹಾಕಿದೆ ಅಂದ."

ಅವರನ್ನು ಉಳಿಸಲೆಂದು ಅವನು ಸುಳ್ಳು ಹೇಳಿದ್ದ. ಅವನಿಗೆ ಗೊತ್ತಾದೀತೆಂದು ಹೆದರಿ ಅವರು ಬಾಯಿ ಮುಚ್ಚಿದ್ದರು. ಒಬ್ಬರ ಪಕ್ಕ ಒಬ್ಬರು ನಿಂತುಕೊಂಡೇ ಅಷ್ಟು ಕಾಲ ಆ ನೆಲಕ್ಕೆ ಗ್ಯಾಸು ಹೊಡೆದಿದ್ದರು. ಈಗಲಾದರೂ ನಿಜ ಹೇಳಿ, ಉಳಿದವರಾದರೂ ಸಾಸಿವೆ ಬಿತ್ತಲಿ ಎಂದು ಅಕ್ಕಾವ್ರು ಅವನನ್ನು ಬೇಡಿಕೊಂಡರಂತೆ. ಅವನು ಅಷ್ಟರಲ್ಲಿ ತೋಟವನ್ನು ದೊಡ್ಡ ಕಂಪನಿಗೆ ಕೊಟ್ಟು ಕೈ ತೊಳೆದುಕೊಂಡಿದ್ದ. ಅಕ್ಕಾವ್ರು ತಾವೇ ಒಂದೆರಡು ತೋಟಕ್ಕೆ ಹೋಗಿ ಹೇಳಿದರು. ಅಲ್ಲಿನವರು ನಕ್ಕು ಕಾಫಿ ಕೊಟ್ಟು ಕಳಿಸಿದರು. ಆಮೇಲೆ ಅಕ್ಕಾವ್ರು ಮಣ್ಣಿನ ಕೆಲಸವನ್ನೇ ಬಿಟ್ಟು ಮಗಳ ಓದು ಮುಗಿಯುವವರೆಗೆ ಒಂದು ಆಫೀಸಿನಲ್ಲಿ ಕೂತರು.

ಹೋದ ವರ್ಷ ಅವರ ಮಗಳು ಫೋನ್ ಮಾಡಿದಳು. ಡಾಕ್ಟರಾಗಿದ್ದಾಳೆ ಈಗ. "ಆಂಟಿ, ಅಮ್ಮ..." ಎಂದವಳು ಮುಂದಿನದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಹೃದಯಾಘಾತ. ನಾನು ಮೆಲ್ಬರ್ನ್‌ಗೆ ಹೋದೆ. ಅವರಲ್ಲಿ ಹೂಳುವ ಪದ್ಧತಿ. ಹಿಡಿ ಮಣ್ಣು ಹಾಕುವಾಗ ನನಗೆ ಗೊತ್ತಿಲ್ಲದೆಯೇ ಅದನ್ನು ಬೆರಳಲ್ಲಿ ಪುಡಿ ಮಾಡಿ ನೋಡಿದೆ. ಅವರಿಂದ ಅಂಟಿದ ಚಾಳಿ. ಜಿಗುಟು ಮಣ್ಣು, ಅಷ್ಟೇನೂ ಕೆಟ್ಟದ್ದಲ್ಲ. ಅದೊಂದು ಸಮಾಧಾನ ಮಾಡಿಕೊಂಡು ಬಂದೆ.

ಭಾನುವಾರ ಆ ತೋಟದ ಗೇಟಿನಲ್ಲಿ ತಕ್ಕಡಿಯ ಮುಂದೆ ನಿಂತಿದ್ದವನು ತೋಟದ ಮಾಲೀಕನೇ, ಇನ್ನೂ ಚಿಕ್ಕ ವಯಸ್ಸಿನವನು. ಮೂಲಂಗಿ ತೂಗುತ್ತಿದ್ದ. ಗ್ಯಾಸು ಯಾಕೆ ಹೊಡೆಯುತ್ತೀರಿ, ಸಾಸಿವೆ ಬಿತ್ತಿ ನೋಡಬಹುದಲ್ಲ ಎಂದು ಕೇಳಿದೆ. ನನ್ನ ಗಂಡ ನನ್ನ ತೋಳು ಜಗ್ಗಿದರು. ಅವನು ಬೇಸರ ಮಾಡಿಕೊಳ್ಳಲಿಲ್ಲ.

"ಮಸ್ಟರ್ಡಾ? ನೋ ವೇ. ಅದು ಹಕ್ಕಿ ತರುತ್ತದೆ" ಎಂದ ಅವನು ಇಂಗ್ಲಿಷಿನಲ್ಲಿ. ಅವನ ಚಿಕ್ಕಪ್ಪ ಮೆಲ್ಬರ್ನ್ ಕಡೆ ಸೊಪ್ಪು ಬೆಳೆಯುತ್ತಿದ್ದನಂತೆ. ಅಲ್ಲಿ ಯಾರೋ ಒಬ್ಬರು ಸಾಸಿವೆ ಹಾಕಿ ಇಡೀ ಬ್ಲಾಕ್ ಕಳೆದುಕೊಂಡರಂತೆ. ತೋಟದವರಿಗೆಲ್ಲ ಗೊತ್ತಿರುವ ಮಾತಂತೆ ಅದು.

ಬಾಸ್ ತೋಟ ಬಿಟ್ಟ ಮೇಲೂ, ಅಕ್ಕಾವ್ರು ತೀರಿಹೋದ ಮೇಲೂ ಆ ಸುಳ್ಳು ನಡೆದುಕೊಂಡು ಇಲ್ಲಿಯವರೆಗೆ ಬಂದಿತ್ತು. ಅವನ ಬೆನ್ನ ಹಿಂದೆ ಹೊಸದಾಗಿ ಗ್ಯಾಸು ಹೊಡೆದ ಬ್ಲಾಕು ಪ್ಲಾಸ್ಟಿಕ್ ಹೊದ್ದು ಮಲಗಿತ್ತು.

"ಹಕ್ಕಿ ಬಂದದ್ದು ಸಾಸಿವೆಗಲ್ಲ. ಅನ್ನಕ್ಕೆ. ಅನ್ನ ಎರಚಿದ್ದು ನಾವು" ಎಂದೆ. ನನ್ನ ಹಿಂದೆ ಸಾಲಿನಲ್ಲಿದ್ದವರು ಇಣುಕಿ ನೋಡಿದರು. ಮಗ ನಾಚಿಕೆಯಿಂದ ಕಾರಿನ ಕಡೆ ಹೋದ. ನಾನು ನಿಲ್ಲಿಸಲಿಲ್ಲ. ಎಳ್ಳಮಾವಾಸ್ಯೆ, ಹೋಳಿಗೆ, ಕಡಲಹಕ್ಕಿ, ವೀಸಾ, ಎಲ್ಲವನ್ನೂ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಆ ಪಾಲಕ್ಕು ಹೇಗಿತ್ತೆಂದೂ ಹೇಳಿದೆ.

ಅವನು ಮೂಲಂಗಿಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದ. ನಂಬಿದನೋ ಇಲ್ಲವೋ ಗೊತ್ತಿಲ್ಲ. ಕೊನೆಗೆ, ನಾವು ಅಂದರೆ ಯಾರು ಎಂದು ಕೇಳಿದ.

"ನಾನು ಮತ್ತೆ ನಮ್ಮಕ್ಕ."

ನಿಮ್ಮಕ್ಕನ ಫೋನ್ ನಂಬರ್ ಕೊಡುತ್ತೀರಾ, ಯಾವ ಸಾಸಿವೆ, ಯಾವಾಗ ಬಿತ್ತಿದ್ದು ಎಂದು ಅವರನ್ನೇ ಕೇಳುತ್ತೇನೆ ಎಂದ.

ಅವರು ಇಷ್ಟು ವರ್ಷ ಕಾದದ್ದು ಈ ಒಂದು ಪ್ರಶ್ನೆಗೆ. ಇಲ್ಲ, ಅವರು ಹೋಗಿಬಿಟ್ಟರು ಎಂದೆ. ಅವನು ಸಾರಿ ಎಂದು ಹೇಳಿ, ಸಾಲಿನಲ್ಲಿ ಮುಂದಿನವರನ್ನು ಕರೆದ.